'ಪ್ರೂಫ್ ನೋಡಿ ಕೊಡಿ' ಎಂದರೆ ಏನು ಮಾಡಬೇಕು? ಕರಡು ತಿದ್ದುವವರ, ಪುಟ ಕಟ್ಟುವವರ ಪದಗಳು

[ದೃಶ್ಯ: ಕೆಂಪು ಶಾಯಿಯ ಗುರುತುಗಳು ತುಂಬಿದ ಒಂದು ಕರಡು ಪುಟ]

"ಇದನ್ನೊಂದು ಸಲ ಪ್ರೂಫ್ ನೋಡಿ ಕೊಡಿ." ಪುಸ್ತಕದ ಕೆಲಸದಲ್ಲಿ ಇಷ್ಟು ಗೊಂದಲ ಎಬ್ಬಿಸುವ ಮಾತು ಇನ್ನೊಂದಿಲ್ಲ. ಹೇಳಿದವರಿಗೆ ಬೇಕಾದದ್ದು ಭಾಷೆ ತಿದ್ದಿ ಓರಣ ಮಾಡುವ ಕೆಲಸ. ಕೇಳಿಸಿಕೊಂಡವರು ಕಾಗುಣಿತ ಮಾತ್ರ ನೋಡಿ ಹಿಂದಿರುಗಿಸುತ್ತಾರೆ. ಇಲ್ಲವೇ ಉಲ್ಟಾ: ಪುಟ ಕಟ್ಟಿ ಮುಗಿದ ಮೇಲೆ ಪ್ಯಾರಾಗಟ್ಟಲೆ ಹೊಸದಾಗಿ ಬರೆದು ಸೇರಿಸುತ್ತಾರೆ. ಈ ಕಸುಬಿನ ಪದಗಳನ್ನು ಸರಿಯಾಗಿ ತಿಳಿದುಕೊಂಡರೆ ಒಂದು ಸಂಗತಿ ಖಚಿತವಾಗುತ್ತದೆ: ಬರಹ ಈಗ ಯಾವ ಹಂತದಲ್ಲಿದೆ, ಇನ್ನೂ ಏನನ್ನು ಮುಟ್ಟಬಹುದು, ಏನನ್ನು ಮುಟ್ಟಬಾರದು.

[ದೃಶ್ಯ: ವರ್ಡ್ ಫೈಲ್, ಪಕ್ಕದಲ್ಲಿ ಟಿಪ್ಪಣಿಗಳು]

ಮೊದಲು ಕಾಪಿ ಎಡಿಟಿಂಗ್. ಇದು ನಡೆಯುವುದು ವರ್ಡ್ ಫೈಲಿನಲ್ಲಿ, ಪುಟ ಕಟ್ಟುವುದಕ್ಕೂ ಮುಂಚೆ. ವಾಕ್ಯ ತಿದ್ದುವುದು, ಹೆಸರು ಮತ್ತು ಇಸವಿ ತಾಳೆ ನೋಡುವುದು, ಪರಿವಿಡಿಯಲ್ಲಿರುವ ಶೀರ್ಷಿಕೆಯೂ ಒಳಗಿನ ಶೀರ್ಷಿಕೆಯೂ ಒಂದೇ ಇವೆಯೇ ಎಂದು ಪರೀಕ್ಷಿಸುವುದು, ಎಲ್ಲ ಇಲ್ಲೇ ಆಗಬೇಕು.

ಈ ಹಂತದ ಮುಖ್ಯ ಸಾಧನ ಸ್ಟೈಲ್ ಶೀಟ್. ಹೆಸರು ದೊಡ್ಡದು, ವಸ್ತು ಸರಳ: ಈ ಪುಸ್ತಕಕ್ಕೆ ತೆಗೆದುಕೊಂಡ ತೀರ್ಮಾನಗಳ ಪಟ್ಟಿ. 'ಇಂಗ್ಲಿಷ್' ಅಥವಾ 'ಇಂಗ್ಲೀಷ್'? 'ವಿಡಿಯೊ' ಅಥವಾ 'ವಿಡಿಯೋ'? ಅಂಕಿಗಳು 1, 2 ಎಂದೋ ೧, ೨ ಎಂದೋ? ಇವುಗಳಲ್ಲಿ ಯಾವುದನ್ನು ಆರಿಸಿದರೂ ನಡೆಯುತ್ತದೆ, ಎರಡನ್ನೂ ಬೆರೆಸಿದರೆ ನಡೆಯುವುದಿಲ್ಲ. 'ಹೃಸ್ವ' ಮಾತ್ರ ಈ ಪಟ್ಟಿಗೆ ಸೇರುವುದಿಲ್ಲ. ಅದು ಆಯ್ಕೆಯಲ್ಲ, ತಪ್ಪು, ಸರಿಯಾದದ್ದು 'ಹ್ರಸ್ವ'. 'ಆರ್ಶೀವಾದ'ವೂ ಹಾಗೆಯೇ. ಅರ್ಕಾವತ್ತು 'ಶೀ' ಪಕ್ಕಕ್ಕೆ ಹಾರಿದೆ. ಅದು 'ವಾ' ಆದ ಮೇಲೆ ಬರಬೇಕು, 'ಆಶೀರ್ವಾದ'.

ಈ ಹಂತದ ಎರಡನೆಯ ಸಾಧನ ಕ್ವೆರಿ, ಅಂದರೆ ಲೇಖಕರಿಗೆ ಹಾಕುವ ಪ್ರಶ್ನೆ. "ಇಸವಿ ಪರಿಶೀಲಿಸಿ" ಎಂದು ಬರೆದರೆ "ಪರಿಶೀಲಿಸಿದೆ" ಎಂಬ ಉತ್ತರ ಬರುತ್ತದೆ, ಕೆಲಸ ಆಗಿರುವುದಿಲ್ಲ. "ಪುಟ 12ರಲ್ಲಿ 1956, ಪುಟ 88ರಲ್ಲಿ 1957 ಎಂದಿದೆ, ಯಾವುದು ಉಳಿಯಲಿ?" ಎಂದು ಕೇಳಿ. ಒಂದೇ ಪದದಲ್ಲಿ ಉತ್ತರ ಬರುವಂತಿರಬೇಕು.

[ದೃಶ್ಯ: 'ಸಾಫ್ಟ್‌ವೇರ್' ಎಂಬ ಪದ ಒಡೆದು 'ಸಾಫ್ಟ್ವೇರ್' ಆಗುವುದು]

ಕನ್ನಡದ ಹಸ್ತಪ್ರತಿಗೆ ಇನ್ನೊಂದು ತಾಪತ್ರಯ ಇದೆ. ಫೈಲು ಹಳೆಯ ಆಸ್ಕಿ ಫಾಂಟಿನಲ್ಲಿದ್ದರೆ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟು) ಮೊದಲು ಯೂನಿಕೋಡಿಗೆ ಬದಲಾಯಿಸಿ, ಆಮೇಲೆ ತಿದ್ದಲು ಕೂರಿ. ತಿದ್ದಿದ ಮೇಲೆ ಬದಲಾಯಿಸಿದರೆ ಹೊಸ ತಪ್ಪುಗಳು ಹುಟ್ಟುತ್ತವೆ, ಅವನ್ನು ನೋಡುವವರು ಯಾರೂ ಇರುವುದಿಲ್ಲ. ವಿಶೇಷವಾಗಿ ಕಣ್ಣಿಗೆ ಕಾಣದ ಎರಡು ಚಿಹ್ನೆಗಳ ಮೇಲೆ ನಿಗಾ ಇಡಿ. 'ಸಾಫ್ಟ್‌ವೇರ್' ಪದದಲ್ಲಿ 'ವೇ' ಒತ್ತಾಗದಂತೆ ತಡೆಯುವುದು ನಾನ್-ಜಾಯ್ನರ್. 'ರ‍್ಯಾಂಕ್' ಎಂದು ಬರೆಯುವಾಗ 'ರ' ಅರ್ಕಾವತ್ತಾಗದಂತೆ ಕಾಯುವುದು ಜಾಯ್ನರ್. ಅದು ಕಳೆದುಹೋದರೆ ಅಚ್ಚಾಗುವುದು 'ರ್ಯಾಂಕ್'.

[ದೃಶ್ಯ: ಸೀಸದ ಅಚ್ಚುಮೊಳೆಗಳು, ಸಾಲುಗಳ ನಡುವೆ ಸೀಸದ ಪಟ್ಟಿ]

ಈಗ ಬರಹ ಪುಟ ಕಟ್ಟುವವರ ಕೈಗೆ ಹೋಯಿತು. ಇಲ್ಲಿಂದ ಮುಂದೆ ಎಲ್ಲವೂ ಅಳತೆ.

ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ, ಸುಮಾರು 0.35 ಮಿಲಿಮೀಟರ್. 12 ಪಾಯಿಂಟಿಗೆ ಒಂದು ಪೈಕಾ, 6 ಪೈಕಾಕ್ಕೆ ಒಂದು ಇಂಚು. 12 ಪಾಯಿಂಟ್ ಅಕ್ಷರ ಎಂದಾಗ 12 ಪಾಯಿಂಟ್ ಇರುವುದು ಅಕ್ಷರದ ಎತ್ತರವಲ್ಲ, ಅದು ಕೂರುವ ಮೊಳೆಯ ಮೈಯ ಎತ್ತರ. ಅಚ್ಚುಮೊಳೆಯ ಕಾಲದಿಂದ ಬಂದ ಲೆಕ್ಕ ಇದು. ಹಾಗಾಗಿ ಒಂದೇ ಅಳತೆಯ ಎರಡು ಫಾಂಟುಗಳಲ್ಲಿ ಒಂದು ದೊಡ್ಡದಾಗಿ, ಇನ್ನೊಂದು ಪುಟ್ಟದಾಗಿ ಕಾಣಬಹುದು. ಫಾಂಟ್ ಬದಲಾಯಿಸಿದರೆ ಅಳತೆಯನ್ನೂ ಮತ್ತೆ ನೋಡಿ.

ಲೆಡಿಂಗ್ ಎಂದರೆ ಸಾಲಂತರ: ಒಂದು ಸಾಲಿನ ತಳಗೆರೆಯಿಂದ ಮುಂದಿನ ಸಾಲಿನ ತಳಗೆರೆಗೆ ಇರುವ ದೂರ. ಸಾಲುಗಳ ನಡುವೆ ಸೀಸದ (ಇಂಗ್ಲಿಷಿನಲ್ಲಿ 'ಲೆಡ್') ಪಟ್ಟಿ ಇಡುತ್ತಿದ್ದುದರಿಂದ ಈ ಹೆಸರು, 'ಲೀಡಿಂಗ್' ಅಲ್ಲ. 12/16 ಎಂದು ಬರೆದಿದ್ದರೆ 12 ಪಾಯಿಂಟ್ ಅಕ್ಷರ, 16 ಪಾಯಿಂಟ್ ಸಾಲಂತರ. ಇನ್‌ಡಿಸೈನ್ ಎಂಬ ಪುಟ ಕಟ್ಟುವ ತಂತ್ರಾಂಶ ತಾನಾಗಿ ಕೊಡುವುದು 120 ಪ್ರತಿಶತ, ಅಂದರೆ 12ಕ್ಕೆ 14.4. ಇಂಗ್ಲಿಷಿಗೆ ಅದು ಸಾಕು. ಕನ್ನಡಕ್ಕೆ ಸಾಮಾನ್ಯವಾಗಿ ಸಾಲದು. ಮೇಲಿನ ಸಾಲಿನಲ್ಲಿ 'ರಾಷ್ಟ್ರ' ಇದ್ದು, ಅದರ ಕೆಳಗೆ ಸರಿಯಾಗಿ 'ಕೀರ್ತಿ' ಬಂದರೆ ಒತ್ತು ಕೆಳಗಿನ ಅಕ್ಷರದ ತಲೆಗೆ ತಗಲುತ್ತದೆ. 16ರಿಂದ 18 ಇಟ್ಟು, ಒತ್ತಕ್ಷರ ಹೆಚ್ಚಿರುವ ಒಂದು ಪುಟವನ್ನು ನಿಜ ಅಳತೆಯಲ್ಲಿ ಕಾಗದದ ಮೇಲೆ ತೆಗೆದು ನೋಡಿ. ಪರದೆಯ ಮೇಲೆ ನೋಡಿದರೆ ಮೋಸ ಹೋಗುತ್ತೀರಿ. ಅಂದಹಾಗೆ, ಇನ್‌ಡಿಸೈನಿನಲ್ಲಿ ಒತ್ತುಗಳು ಚೆಲ್ಲಾಪಿಲ್ಲಿಯಾಗಿ ಕಂಡರೆ ಫಾಂಟನ್ನು ಬೈಯುವ ಮೊದಲು ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯನ್ನು ಆರಿಸಿದ್ದೀರಾ ನೋಡಿ.

ಎರಡು ಅಕ್ಷರಗಳ ಜೋಡಿಯ ನಡುವಿನ ಅಂತರ ತಿದ್ದುವುದು ಕರ್ನಿಂಗ್. ಇಡೀ ಸಾಲಿನ, ಇಡೀ ಪ್ಯಾರಾದ ಅಂತರ ಬದಲಾಯಿಸುವುದು ಟ್ರ್ಯಾಕಿಂಗ್. ಇಂಗ್ಲಿಷಿನಲ್ಲಿ ಶೀರ್ಷಿಕೆಗೆ ಟ್ರ್ಯಾಕಿಂಗ್ ಹೆಚ್ಚಿಸುವುದು ಅಂದಕ್ಕೆ. ಕನ್ನಡದಲ್ಲಿ, ಅದರಲ್ಲೂ ಆಸ್ಕಿ ಫಾಂಟಿನಲ್ಲಿ, ಹಾಗೆ ಮಾಡಿದರೆ 'ಕೋ' ಅಕ್ಷರದ ದೀರ್ಘ ಬೇರೆಯಾಗಿ ನಿಲ್ಲುತ್ತದೆ, ಏಕೆಂದರೆ ಅಲ್ಲಿ ಅಕ್ಷರದ ಒಂದೊಂದು ತುಂಡೂ ಬೇರೆ ಬೇರೆ ಗುರುತು.

[ದೃಶ್ಯ: ಎರಡೂ ಅಂಚು ಸಮವಾದ ಅಂಕಣ, ನಡುವೆ ಹರಿದ ಬಿಳಿ ಗೆರೆ]

ಎರಡೂ ಅಂಚು ಸಮ ಮಾಡಿದಾಗ ಪದಗಳ ನಡುವಿನ ಖಾಲಿ ಜಾಗ ಸಾಲಿನಿಂದ ಸಾಲಿಗೆ ಕೂಡಿಕೊಂಡು ಹೊಳೆಯಂತೆ ಹರಿಯುತ್ತದೆ. ಅದಕ್ಕೆ ರಿವರ್ ಎಂದೇ ಹೆಸರು. ಕನ್ನಡದಲ್ಲಿ ಪದಗಳು ಉದ್ದ, ಆದ್ದರಿಂದ ಈ ಕಾಟವೂ ಹೆಚ್ಚು. 'ಮಾಡಬೇಕಾಗಿದ್ದುದರಿಂದ' ಎಂಬುದು ಸಾಲಿನ ಕೊನೆಯಲ್ಲಿ ಹಿಡಿಯದೆ ಕೆಳಗಿಳಿದರೆ ಮೇಲಿನ ಸಾಲು ಹಲ್ಲುದುರಿದ ಬಾಯಿಯಂತೆ ಕಾಣುತ್ತದೆ. ಪದ ಒಡೆಯುವುದೇ ಮದ್ದು, ಆದರೆ ಅಕ್ಷರ ಒಡೆಯಬಾರದು: 'ಮಾಡಬೇಕಾಗಿ-ದ್ದುದರಿಂದ' ಸರಿ, 'ದ್' ಮೇಲೆ ಉಳಿದು 'ದು' ಕೆಳಗೆ ಹೋದರೆ ತಪ್ಪು.

ವಿಡೋ, ಆರ್ಫನ್. ಪ್ಯಾರಾದ ಕೊನೆಯ ಸಾಲೊಂದೇ ಮುಂದಿನ ಪುಟದ ತಲೆಗೆ ಹೋದರೆ ವಿಡೋ. ಮೊದಲ ಸಾಲೊಂದೇ ಪುಟದ ಬುಡದಲ್ಲಿ ಉಳಿದರೆ ಆರ್ಫನ್. ಇವೆರಡನ್ನೂ ಅದಲುಬದಲಾಗಿ ಬಳಸುವವರು ಬಹಳ. ಹಾಗಾಗಿ ಪದ ಬರೆಯುವುದಕ್ಕಿಂತ "ಪುಟ 47ರ ತಲೆಯಲ್ಲಿ ಒಂಟಿ ಸಾಲು" ಎಂದು ಬರೆಯುವುದೇ ವಾಸಿ. ಪರಿಹಾರ: ಹಿಂದಿನ ಪುಟದಲ್ಲಿ ಕೊನೆಯ ಸಾಲಿನಲ್ಲಿ ಒಂದೆರಡು ಪದ ಮಾತ್ರ ಇರುವ ಉದ್ದನೆಯ ಪ್ಯಾರಾ ಹುಡುಕಿ, ಟ್ರ್ಯಾಕಿಂಗ್ ಅನ್ನು ಇನ್‌ಡಿಸೈನಿನ ಅಳತೆಯಲ್ಲಿ 5ರಿಂದ 10ರಷ್ಟು ಕಡಿಮೆ ಮಾಡಿ. ಒಂದು ಸಾಲು ಮೇಲೆ ಬರುತ್ತದೆ. ಅದಕ್ಕಿಂತ ಬಿಗಿ ಮಾಡಿದರೆ ಆ ಪ್ಯಾರಾ ಮಾತ್ರ ಕಪ್ಪಾಗಿ ಕಾಣುತ್ತದೆ.

[ದೃಶ್ಯ: ಪುಟದ ಅಂಚಿನಲ್ಲಿ ತಿದ್ದುಗುರುತುಗಳು]

ಈಗ ಬರುವುದು ಪ್ರೂಫ್, ಅಂದರೆ ಪುಟ ಕಟ್ಟಿದ ಮೇಲೆ ತಪ್ಪು ನೋಡಲು ತೆಗೆದ ಕರಡು ಪ್ರತಿ. ಸಾಲಿನೊಳಗೆ ತಿದ್ದಬೇಕಾದ ಜಾಗದ ಗುರುತು, ಅಂಚಿನಲ್ಲಿ ಆದೇಶ. ಬಿಟ್ಟುಹೋದದ್ದಕ್ಕೆ ಕೊಕ್ಕೆ, ತೆಗೆಯಬೇಕಾದದ್ದಕ್ಕೆ ಸುರುಳಿ ಬಾಲದ ಡಿಲೀಟ್ ಗುರುತು. ತಪ್ಪಾಗಿ ಹೊಡೆದುಹಾಕಿದ್ದನ್ನು ಉಳಿಸಲು ಅದರ ಕೆಳಗೆ ಚುಕ್ಕಿಗಳು, ಅಂಚಿನಲ್ಲಿ 'ಸ್ಟೆಟ್'. ಲ್ಯಾಟಿನ್ನಿನಲ್ಲಿ 'ಇರಲಿ' ಎಂದರ್ಥ. ಅಂಚಿನಲ್ಲಿ ಬರೆದ ಸೂಚನೆಗೆ ಸುತ್ತು ಹಾಕಿ. ಸುತ್ತು ಇಲ್ಲದಿದ್ದರೆ "ಇಲ್ಲಿ ಜಾಗ ಬಿಡಿ" ಎಂಬುದೇ ಪುಸ್ತಕದೊಳಗೆ ಅಚ್ಚಾದೀತು.

ಪ್ರೂಫಿನಲ್ಲಿ ಹೊಸ ವಾಕ್ಯ ಬರೆಯಬಾರದು ಎನ್ನುವುದು ಹಟವಲ್ಲ. ಒಂದು ಸಾಲು ಹೆಚ್ಚಾದರೆ ಅಧ್ಯಾಯದ ಕೊನೆಯವರೆಗೂ ಸಾಲುಗಳು ಸರಿಯುತ್ತವೆ, ಅಡಿಟಿಪ್ಪಣಿ ಪಕ್ಕದ ಪುಟಕ್ಕೆ ಹಾರುತ್ತದೆ, ಪದಸೂಚಿಯ ಪುಟಸಂಖ್ಯೆ ತಪ್ಪುತ್ತದೆ. ಸೇರಿಸಲೇಬೇಕೆಂದರೆ ಅದೇ ಪ್ಯಾರಾದಲ್ಲಿ ಅಷ್ಟೇ ಅಕ್ಷರಗಳನ್ನು ತೆಗೆಯಿರಿ. ಎರಡನೇ ಪ್ರೂಫ್ ಬಂದಾಗ ತಿದ್ದಿದ ಪದವನ್ನು ಮಾತ್ರ ನೋಡಿ ಬಿಡಬೇಡಿ. ಅಲ್ಲಿಂದ ಪ್ಯಾರಾದ ಕೊನೆವರೆಗೆ, ಮತ್ತೆ ಪುಟದ ಮೊದಲ ಮತ್ತು ಕೊನೆಯ ಸಾಲು ಓದಿ.

[ದೃಶ್ಯ: ಒಂದು ಹಾಳೆಯನ್ನು ಮೂರು ಸಲ ಮಡಿಸುವುದು]

ಮುದ್ರಣಕ್ಕೆ ಹೋದ ಮೇಲೆ ಎಣಿಕೆ ಫಾರಂಗಳಲ್ಲಿ. ಹಾಳೆಯನ್ನು ಮೂರು ಸಲ ಮಡಿಸಿದರೆ 8 ಎಲೆ, 16 ಪುಟ. ಅದೇ ಒಂದು ಫಾರಂ. ನಿಮ್ಮ ಪುಸ್ತಕ 164 ಪುಟವಾದರೆ 10 ಫಾರಂ ಮುಗಿದು 4 ಪುಟ ಹೊರಗುಳಿಯಿತು. ಅದನ್ನು 160ಕ್ಕೆ ಇಳಿಸುವುದೋ 176ಕ್ಕೆ ಏರಿಸುವುದೋ ಎಂಬುದನ್ನು ಪುಟ ಕಟ್ಟುವಾಗಲೇ ತೀರ್ಮಾನಿಸಿ.

ಚಿತ್ರ ಅಂಚಿನವರೆಗೂ ಬರಬೇಕಿದ್ದರೆ ಕತ್ತರಿಸುವ ಗೆರೆಯಿಂದ 3 ಮಿಲಿಮೀಟರ್ ಆಚೆಗೂ ಚಾಚಿರಲಿ. ಇದೇ ಬ್ಲೀಡ್. ಇಲ್ಲದಿದ್ದರೆ ಕತ್ತಿ ಕೂದಲೆಳೆ ಸರಿದರೂ ಬಿಳಿ ಪಟ್ಟಿ ಕಾಣುತ್ತದೆ.

ಕೊನೆಗೆ ಪುಸ್ತಕದ ಬೆನ್ನಿನ ದಪ್ಪ. ಪುಟಗಳ ಅರ್ಧವನ್ನು ಕಾಗದದ ದಪ್ಪದಿಂದ ಗುಣಿಸಿ: 176 ಪುಟ ಎಂದರೆ 88 ಎಲೆ, ಕಾಗದ 0.1 ಮಿಲಿಮೀಟರ್ ಇದ್ದರೆ 8.8 ಮಿಲಿಮೀಟರ್. ಪುಟಸಂಖ್ಯೆ ಖಚಿತವಾಗುವ ಮೊದಲೇ ಮುಖಪುಟ ಮಾಡಿಸಿ, ಆಮೇಲೆ ಒಂದು ಫಾರಂ ಸೇರಿಸಿದರೆ ಬೆನ್ನು 9.6 ಆಗುತ್ತದೆ, ಬೆನ್ನಿನ ಮೇಲಿನ ಹೆಸರು ನಡುವಿನಿಂದ ಸರಿದು ಮಡಿಕೆಯ ಕಡೆ ವಾಲುತ್ತದೆ.