ಮುಳ್ಳು ಚುಚ್ಚಿದ್ದು ಕಾಲಿಗೆ, ಸೋತದ್ದು ಹೃದಯ

ಎಲ್ಲರಿಗೂ ನಮಸ್ಕಾರ. ಧಾರವಾಡದ ಈ ಜಿಟಿಜಿಟಿ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷವಾಯಿತು.

ಬ್ಯಾಡಗಿ ಕಡೆಯ ಒಬ್ಬ ರೈತರು ನನ್ನ ರೋಗಿಯಾಗಿದ್ದರು. ಸಕ್ಕರೆ ಕಾಯಿಲೆ ಇತ್ತು. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತು. ನಾಲ್ಕು ದಿನ ಅರಿಷಿಣ ಹಚ್ಚಿಕೊಂಡು ಹೊಲಕ್ಕೆ ಹೋದರು, ಐದನೇ ದಿನ ಐಸಿಯು ಸೇರಿದರು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡುವಾಗ ಮಗ ಪಕ್ಕದಲ್ಲೇ ನಿಂತಿದ್ದ. ಮೈಗೆಲ್ಲ ರಕ್ತ ತಳ್ಳುವ ಕೋಣೆ, ಎಡ ಹೃತ್ಕುಕ್ಷಿ, ಹಿಗ್ಗಿತ್ತು. "ನೋಡಪ್ಪಾ, ಈ ಗೋಡೆ ಪ್ರತಿ ಬಡಿತಕ್ಕೂ ಒಳಗೆ ಬರಬೇಕು, ಬರುತ್ತಿಲ್ಲ" ಎಂದು ತೋರಿಸಿದೆ. ಅವನು ಕೇಳಿದ: "ಮುಳ್ಳು ಚುಚ್ಚಿದ್ದು ಕಾಲಿಗೆ. ಎದಿ ಯಾಕ ಸೋತೈತ್ರಿ?"

"ನಂಜು ಏರಿದೆ" ಎಂದೆ. ಅದು ಉತ್ತರವಲ್ಲ. ಇವತ್ತು ಅದರ ಉಳಿದ ಭಾಗವನ್ನು ಹೇಳುತ್ತೇನೆ.

ನಾವು ನಂಜು ಅನ್ನುವುದಕ್ಕೆ ವೈದ್ಯರು ಸೆಪ್ಸಿಸ್ ಅನ್ನುತ್ತಾರೆ. ಸೋಂಕಿನ ವಿರುದ್ಧ ದೇಹ ಹೂಡಿದ ಹೋರಾಟವೇ ಹದ ತಪ್ಪಿ ತನ್ನ ಅಂಗಗಳನ್ನೇ ಕೆಡಿಸುವುದು. 2017ರಲ್ಲಿ ಜಗತ್ತಿನಲ್ಲಿ ಸುಮಾರು 4.9 ಕೋಟಿ ಜನರಿಗೆ ಸೆಪ್ಸಿಸ್ ಆಗಿತ್ತು, 1.1 ಕೋಟಿ ಜನ ತೀರಿಕೊಂಡರು ಎಂಬುದು ಒಂದು ದೊಡ್ಡ ಅಂದಾಜು. ಇದರಲ್ಲಿ ಹೃದಯ ಸೋಲುವುದು ಹಾರ್ಟ್ ಅಟ್ಯಾಕ್ ಅಲ್ಲ. ರಕ್ತನಾಳ ಕಟ್ಟಿಕೊಂಡಿರಬೇಕೆಂದೇನೂ ಇಲ್ಲ. ಕೆಟ್ಟಿರುವುದು ಜೀವಕೋಶದೊಳಗಿನ ನೆರೆಹೊರೆ.

ಹೃದಯದ ಒಂದು ಸ್ನಾಯುಕೋಶದೊಳಗೆ ಹೋಗೋಣ. ಅದರ ಮೂರನೇ ಒಂದು ಪಾಲು ಜಾಗ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಗಳದ್ದು. ಪಕ್ಕದಲ್ಲೇ ರೆಟಿಕ್ಯುಲಮ್ ಎಂಬ ಪೊರೆಯ ಜಾಲ, ಅದು ಕ್ಯಾಲ್ಸಿಯಂ ಕಣಜ. ಪ್ರತಿ ಬಡಿತಕ್ಕೂ ಕ್ಯಾಲ್ಸಿಯಂ ಹೊರಬಿಟ್ಟು ಮತ್ತೆ ಒಳಗೆ ಎಳೆದುಕೊಳ್ಳುವುದು ಅದರ ಕೆಲಸ. ಇವೆರಡೂ ತಾಗಿಕೊಂಡಿರುವ ಕಡೆಗಳಲ್ಲಿ ನಡುವಿನ ಅಂತರ ಸುಮಾರು 10ರಿಂದ 30 ನ್ಯಾನೊಮೀಟರ್. ಕೂದಲೆಳೆಯ ದಪ್ಪವನ್ನು ಸಾವಿರಾರು ಪಾಲು ಮಾಡಿದರೆ ಸಿಗುವ ಒಂದು ಪಾಲು. ಮೈಟೊಫ್ಯೂಸಿನ್-2ರಂಥ ಪ್ರೋಟೀನುಗಳು ಇವೆರಡನ್ನೂ ಕೈಹಿಡಿದು ಹತ್ತಿರ ಇರಿಸುತ್ತವೆ.

ನಮ್ಮ ಹಳೆಯ ಓಣಿಗಳಲ್ಲಿ ಎರಡು ಮನೆಗಳಿಗೆ ಒಂದೇ ಗೋಡೆ, ಗೋಡೆಯಲ್ಲೊಂದು ಕಿಂಡಿ ಇರುತ್ತಿತ್ತು. ಸಂಜೆ ಹೆಪ್ಪು ಬೇಕೆಂದರೆ ಬಟ್ಟಲು ಆ ಕಿಂಡಿಯಲ್ಲೇ ಬರುತ್ತಿತ್ತು. ಇಲ್ಲಿ ಹೆಪ್ಪು ಎಂದರೆ ಕ್ಯಾಲ್ಸಿಯಂ. ಚೂರು ದಾಟಿ ಬಂದರೆ ಮೈಟೊಕಾಂಡ್ರಿಯ "ಕೆಲಸ ಹೆಚ್ಚಿದೆ" ಎಂದು ತಿಳಿದು ಶಕ್ತಿ ತಯಾರಿಕೆ ಏರಿಸುತ್ತದೆ. ಬಟ್ಟಲುಗಟ್ಟಲೆ ಸುರಿದರೆ ಹಾಲು ಕೆಡುತ್ತದೆ.

ಸೆಪ್ಸಿಸ್‌ನಲ್ಲಿ ಆಗುವುದು ಇದೇ. ಕೆಲವು ಬ್ಯಾಕ್ಟೀರಿಯಗಳ ಹೊರಪದರದ ವಿಷವನ್ನು ಗುರುತು ಹಿಡಿಯುವ ಟಿಎಲ್ಆರ್-4 ಎಂಬ ಗ್ರಾಹಕ ಪ್ರೋಟೀನು ಹೃದಯದ ಕೋಶಗಳಲ್ಲೂ ಇದೆ. ಈ ಗುರುತಿನ ಗುಟ್ಟು ಬಿಡಿಸಿದ ಬ್ರೂಸ್ ಬಾಯ್ಟ್ಲರ್ ಅವರಿಗೆ 2011ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಉರಿಯೂತ ಭುಗಿಲೆದ್ದಾಗ ಕಣಜದ ಬಾಗಿಲು ಸೋರತೊಡಗುತ್ತದೆ, ಒಳಗೆ ಎಳೆದುಕೊಳ್ಳುವ ಪಂಪು ಸೋಲುತ್ತದೆ. ಕಣಜದಲ್ಲಿ ಕ್ಯಾಲ್ಸಿಯಂ ಇಲ್ಲದೆ ಬಡಿತ ಸಣ್ಣದಾಗುತ್ತದೆ. ಸೋರಿದ್ದು ಮೈಟೊಕಾಂಡ್ರಿಯಕ್ಕೆ ನುಗ್ಗಿದರೆ ಅದರ ಪೊರೆಯಲ್ಲಿ ರಂಧ್ರ ತೆರೆದುಕೊಂಡು ಶಕ್ತಿ ತಯಾರಿಕೆ ನಿಲ್ಲುತ್ತದೆ. ಆ ಪಂಪು ನಡೆಯುವುದೂ ಅದೇ ಶಕ್ತಿಯಿಂದ ಎಂಬುದನ್ನು ನೆನಪಿಡಿ. ಒಬ್ಬರ ಸೋಲು ಇನ್ನೊಬ್ಬರನ್ನು ಸೋಲಿಸುತ್ತ ಹೋಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಬೆರಗಾಗಿಸುತ್ತದೆ. ಮೈಟೊಕಾಂಡ್ರಿಯದ ಪೂರ್ವಜರು ಬ್ಯಾಕ್ಟೀರಿಯಗಳು. ಅದಕ್ಕೆ ಈಗಲೂ ತನ್ನದೇ ಡಿಎನ್ಎ ಇದೆ. ಒಡೆದ ಮೈಟೊಕಾಂಡ್ರಿಯದಿಂದ ಆ ಡಿಎನ್ಎ ಹೊರಬಿದ್ದರೆ ಕೋಶ ಅದನ್ನು ಹಗೆ ಎಂದೇ ಭಾವಿಸುತ್ತದೆ. ಆಗ ಕೂಗೆಬ್ಬಿಸುವ ಸ್ಟಿಂಗ್ ಎಂಬ ಪ್ರೋಟೀನು ಕೂತಿರುವುದೆಲ್ಲಿ? ಅದೇ ಪಕ್ಕದ ಮನೆಯ, ರೆಟಿಕ್ಯುಲಮ್‌ನ ಪೊರೆಯ ಮೇಲೆ! ಕಾಲಿನ ಸೋಂಕು ಔಷಧಿಗೆ ಬಗ್ಗಿದ ಮೇಲೂ ಒಳಗಿನ ಉರಿ ಆರದಿರಲು ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

ಕೆಟ್ಟ ಮೈಟೊಕಾಂಡ್ರಿಯವನ್ನು ಪೊರೆಯಲ್ಲಿ ಸುತ್ತಿ, ಕಸ ಕರಗಿಸುವ ಚೀಲವಾದ ಲೈಸೊಸೋಮ್‌ಗೆ ಒಪ್ಪಿಸಿ ಕರಗಿಸುವ ವ್ಯವಸ್ಥೆಯೂ ಕೋಶದಲ್ಲಿದೆ. ಸುತ್ತುವ ಆ ಪೊರೆ ಹುಟ್ಟುವ ಜಾಗಗಳಲ್ಲಿ ಮೈಟೊಕಾಂಡ್ರಿಯ ಮತ್ತು ರೆಟಿಕ್ಯುಲಮ್ ತಾಗಿಕೊಂಡಿರುವ ಸಂಧಿಯೂ ಒಂದು. ಸಂಧಿ ಕೆಟ್ಟರೆ ಕಸವೂ ಉಳಿಯುತ್ತದೆ.

ಇದರಲ್ಲಿ ಬಹುಪಾಲು ಇಲಿಗಳಲ್ಲಿ, ಪ್ರಯೋಗಾಲಯದ ಕೋಶಗಳಲ್ಲಿ ಕಂಡದ್ದು. ಸಂಧಿ ತೀರ ಬಿಗಿಯಾದರೂ ಕೆಡುಕು, ಸಡಿಲಾದರೂ ಕೆಡುಕು. ಹಾಗಾಗಿ ಅದನ್ನೇ ಗುರಿಯಾಗಿಸಿಕೊಂಡ ಮದ್ದು ನಮ್ಮ ವಾರ್ಡಿಗೆ ಇನ್ನೂ ಬಂದಿಲ್ಲ. ಕೀವು ತೆಗೆಯುವುದು, ಬೇಗ ಆ್ಯಂಟಿಬಯೋಟಿಕ್ ಕೊಡುವುದು, ಸಲೈನ್, ಬಿಪಿ ಎತ್ತಿಹಿಡಿಯುವ ನಾರ್‌ಅಡ್ರಿನಲಿನ್, ಇಷ್ಟೇ ನಮ್ಮ ಕೈಯಲ್ಲಿರುವುದು. ಬಿಪಿ ಬಿದ್ದ ರೋಗಿಗೆ ಆ್ಯಂಟಿಬಯೋಟಿಕ್ ಒಂದು ತಾಸಿನೊಳಗೆ ಸಿಗಬೇಕು. ಗಾಯ ಇದ್ದವರಿಗೆ ಏದುಸಿರು ಬಂದರೆ, ಮಾತು ತಡವರಿಸಿದರೆ, ಮೂತ್ರ ಕಡಿಮೆಯಾದರೆ ಬೆಳಗಾಗುವವರೆಗೆ ಕಾಯಬೇಡಿ. ಕೈಮುಗಿದು ಕೇಳುತ್ತೇನೆ.

ಸೆಪ್ಸಿಸ್‌ನಿಂದ ತೀರಿಕೊಂಡವರ ಹೃದಯಗಳನ್ನು ಪರೀಕ್ಷಿಸಿದಾಗ ಸತ್ತ ಕೋಶಗಳು ಕಂಡದ್ದು ಬಹಳ ಕಡಿಮೆ. ಕೋಶಗಳು ಸಾಯುವುದಕ್ಕಿಂತ ಹೆಚ್ಚಾಗಿ ಕೆಲಸ ನಿಲ್ಲಿಸಿರುತ್ತವೆ. 1984ರಲ್ಲೇ ಅಮೆರಿಕದ ಮಾರ್ಗರೆಟ್ ಪಾರ್ಕರ್ ಮತ್ತು ಜೊತೆಗಾರರು ಬದುಕುಳಿದವರಲ್ಲಿ ಹಿಗ್ಗಿ ಸೋತಿದ್ದ ಹೃದಯ 7ರಿಂದ 10 ದಿನಗಳಲ್ಲಿ ಚೇತರಿಸಿಕೊಳ್ಳುವುದನ್ನು ತೋರಿಸಿದ್ದರು.

ನಮ್ಮ ರೈತರ ಎರಡು ಬೆರಳು ತೆಗೆಯಬೇಕಾಯಿತು. ಹನ್ನೊಂದನೇ ದಿನ ಮತ್ತೆ ಎಕೋ ಮಾಡಿದೆ. ನಾನು ಬಾಯಿ ತೆಗೆಯುವ ಮೊದಲೇ ಮಗ ತೆರೆಯ ಮೇಲೆ ಬೆರಳಿಟ್ಟ: "ಗ್ವಾಡಿ ಒಳಗ ಬರಾಕತ್ತೈತಿ ನೋಡ್ರಿ ಸರ್."