ಮೊದಲು ಕಾನೂನು ತೋರಿಸಿ

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನನಗೆ ಕೊಟ್ಟಿರುವ ವಿಷಯ ವ್ಯಕ್ತಿ ಸ್ವಾತಂತ್ರ್ಯ ಮತ್ತು ಸರ್ಕಾರದ ಹಿಡಿತ. ಹೆಸರು ಕೇಳಿದರೆ ಕಾಲೇಜಿನ ಪಾಠದ ಹಾಗಿದೆ, ಅಲ್ವಾ? ಆದರೆ ನಾನು ಮಾತಾಡೋಕೆ ಬಂದಿರುವುದು ಕಾನೂನು ಓದಿದವರ ಜೊತೆಗಲ್ಲ. ಕಚೇರಿಯ ಕಿಟಕಿ ಮುಂದೆ ನಿಂತು, "ಇದು ನಿಮಗ್ಯಾಕೆ ಬೇಕು?" ಅಂತ ಕೇಳಿಸಿಕೊಂಡು, ಏನು ಹೇಳಬೇಕೋ ತೋಚದೆ ಸುಮ್ನೆ ವಾಪಸ್ ಬಂದಿರುತ್ತೀರಲ್ಲ, ನಿಮ್ಮ ಜೊತೆ.

ನಾನು ಹೇಳುವುದು ಒಂದೇ ಮಾತು. ನಿಮ್ಮ ಪಾಡಿಗೆ ನೀವು ಬದುಕುವುದಕ್ಕೆ ಯಾರಿಗೂ ಕಾರಣ ಕೊಡಬೇಕಿಲ್ಲ. ನಿಮ್ಮನ್ನು ತಡೆಯಬೇಕು ಅಂದರೆ ಸರ್ಕಾರ ಕಾನೂನು ತೋರಿಸಬೇಕು. ನಮ್ಮ ಸಂವಿಧಾನದ 21ನೇ ವಿಧಿ ಹೇಳುವುದೂ ಇದನ್ನೇ: ಕಾನೂನು ಹಾಕಿಕೊಟ್ಟ ಕ್ರಮದಲ್ಲಿ ಹೊರತು ಯಾರ ಜೀವವನ್ನೂ ಸ್ವಾತಂತ್ರ್ಯವನ್ನೂ ಕಸಿದುಕೊಳ್ಳುವ ಹಾಗಿಲ್ಲ.

ಕಾನೂನು ಯಾಕೆ ಅಷ್ಟು ಮುಖ್ಯ? ಕಣ್ಣಿಗೆ ಕಾಣುವ ಕಾನೂನಿನ ಜೊತೆ ಜಗಳ ಆಡಬಹುದು, ಅದಕ್ಕೆ. ಹಿರಿಯರಿಗೆ ನೆನಪಿರುತ್ತೆ, ನಮ್ಮ ದೇಶದಲ್ಲಿ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳೋಕೂ ಲೈಸೆನ್ಸ್ ಬೇಕಿತ್ತು. ವರ್ಷ ವರ್ಷ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ, ಆ ಸಣ್ಣ ಪುಸ್ತಕಕ್ಕೆ ಸೀಲು ಹಾಕಿಸಿಕೊಂಡು ಬರಬೇಕು. ಹಾಡು ಕೇಳೋಕೆ ಸರ್ಕಾರದ ಅಪ್ಪಣೆ! ಆದರೂ ಅದು ಬರೆದಿಟ್ಟ ನಿಯಮ. ಇದು ಬೇಡ, ತೆಗೆಯಿರಿ ಅಂತ ಕೇಳಬಹುದಿತ್ತು, 1980ರ ದಶಕದಲ್ಲಿ ತೆಗೆದೂ ಹಾಕಿದರು. ಬರೆದಿಲ್ಲದ ಹಿಡಿತವನ್ನು ಏನು ಮಾಡುತ್ತೀರಿ?

ಅದಕ್ಕೆ ಖರಕ್ ಸಿಂಗ್ ಎಂಬ ಮನುಷ್ಯನ ಕಥೆ ಹೇಳಬೇಕು. ನನ್ನ ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುತ್ತೇನೆ, ನಿಮಗೂ ಹೇಳದೆ ಬಿಡುವುದಿಲ್ಲ.

ಉತ್ತರ ಪ್ರದೇಶದವನು. 1941ರಲ್ಲಿ ಒಂದು ಡಕಾಯಿತಿ ಕೇಸಿನಲ್ಲಿ ಪೊಲೀಸರು ಇವನನ್ನು ಹಿಡಿದರು. ಸಾಕ್ಷಿ ಸಿಗಲಿಲ್ಲ, ಬಿಟ್ಟರು. ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಅವನ ಹೆಸರಿನಲ್ಲಿ ಹಿಸ್ಟರಿ ಶೀಟ್, ಅಂದರೆ ಅಪರಾಧ ಮಾಡಬಹುದು ಅಂತ ಅನುಮಾನವಿರುವವರ ಬಗ್ಗೆ ಪೊಲೀಸರು ಇಡುವ ದಾಖಲೆ, ತೆರೆದು ಕಣ್ಗಾವಲು ಇಟ್ಟರು. ಕಣ್ಗಾವಲು ಅಂದರೆ ಹೇಗೆ? ಅವನೇ ಕೋರ್ಟಿಗೆ ಹೇಳಿಕೊಂಡ ಪ್ರಕಾರ, ರಾತ್ರಿ ಮಲಗಿದ ಮೇಲೆ ಚೌಕಿದಾರನೋ ಪೊಲೀಸಿನವನೋ ಬಂದು ಬಾಗಿಲು ಬಡಿದು ಕೂಗುತ್ತಿದ್ದ. ಇವನು ಎದ್ದು ಬರಬೇಕು. ಕೆಲವು ಸಲ ಅದೇ ನಿದ್ದೆಗಣ್ಣಿನಲ್ಲಿ ಠಾಣೆಗೆ ಹೋಗಿ, ಇಗೋ ಇಲ್ಲೇ ಇದ್ದೇನೆ ಅಂತ ಮುಖ ತೋರಿಸಿ ಬರಬೇಕು. ಬೇರೆ ಊರಿಗೆ ಹೊರಟರೆ ಎಲ್ಲಿಗೆ, ಯಾವಾಗ ವಾಪಸ್ ಬರೋದು ಅಂತ ಚೌಕಿದಾರನಿಗೆ ಹೇಳಿ ಹೋಗಬೇಕು. ಇವನು ಹೋಗಿ ತಲುಪುವ ಊರಿಗೂ ಸುದ್ದಿ ಹೋಗುತ್ತಿತ್ತು. ಒಂದು ಅಪರಾಧವೂ ಸಾಬೀತಾಗಿರಲಿಲ್ಲ, ನೆನಪಿರಲಿ.

ಅವನು ನೇರವಾಗಿ ಸುಪ್ರೀಂ ಕೋರ್ಟಿಗೆ ಹೋದ. ಸರ್ಕಾರದವರು ಏನು ತೋರಿಸಿದರು ಗೊತ್ತೇ? ಪೊಲೀಸ್ ರೆಗ್ಯುಲೇಷನ್, 236ನೇ ನಿಯಮ. ಅದರಲ್ಲಿ ಎಲ್ಲ ಅಚ್ಚುಕಟ್ಟಾಗಿ ಬರೆದಿತ್ತು, ಮನೆ ಸುತ್ತ ಗುಟ್ಟಾಗಿ ಕಾಯೋದು, ರಾತ್ರಿ ಮನೆಗೆ ಹೋಗಿ ನೋಡೋದು, ಓಡಾಟ ಬರೆದಿಡೋದು, ಎಲ್ಲ. ಆದರೆ ಅದನ್ನು ಯಾವ ಶಾಸನಸಭೆ ಮಾಡಿತ್ತು? ಯಾವುದೂ ಇಲ್ಲ! ಇಲಾಖೆ ತನ್ನ ಸಿಬ್ಬಂದಿಗೆ ತಾನೇ ಬರೆದುಕೊಂಡ ಸೂಚನೆ ಅದು. 1962ರ ಡಿಸೆಂಬರ್ 18ರಂದು ಆರು ನ್ಯಾಯಮೂರ್ತಿಗಳ ಪೀಠ, ಇದು ಕಾನೂನೇ ಅಲ್ಲ ಅಂತ ಹೇಳಿ ರಾತ್ರಿ ಬಾಗಿಲು ಬಡಿಯುವ ನಿಯಮವನ್ನು ಹೊಡೆದು ಹಾಕಿತು.

ಉಳಿದ ಕಣ್ಗಾವಲನ್ನು ಮಾತ್ರ ಬಹುಮತದವರು, ಖಾಸಗಿತನ ಸಂವಿಧಾನ ಕೊಟ್ಟ ಹಕ್ಕಲ್ಲ ಅಂತ ಹೇಳಿ, ಹಾಗೇ ಬಿಟ್ಟರು. ನನಗೆ ಇವತ್ತಿಗೂ ಅದು ಒಪ್ಪಿಗೆಯಿಲ್ಲ. ನ್ಯಾಯಮೂರ್ತಿ ಸುಬ್ಬ ರಾವ್ ಆವತ್ತೇ ಒಪ್ಪಲಿಲ್ಲ, ನ್ಯಾಯಮೂರ್ತಿ ಶಾ ಕೂಡ ಅವರ ಜೊತೆ ನಿಂತರು. ಪೊಲೀಸರ ದೃಷ್ಟಿ ಬೆನ್ನ ಮೇಲೇ ಇರುವಾಗ ಅದನ್ನು ಸ್ವತಂತ್ರ ಓಡಾಟ ಅಂತ ಹೇಗೆ ಕರೆಯುತ್ತೀರಿ, ಅಂಥವನಿಗೆ ಇಡೀ ದೇಶವೇ ಜೈಲಲ್ಲವೇ ಅಂತ ಸುಬ್ಬ ರಾವ್ ಕೇಳಿದರು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟು ಒಂಬತ್ತು ನ್ಯಾಯಮೂರ್ತಿಗಳ ಬಾಯಲ್ಲಿ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. 1962ರಿಂದ 2017. ಐವತ್ತೈದು ವರ್ಷ ಬೇಕಾಯಿತು.

ಕೆಲವರು ಕೂಡಲೇ ಕೇಳುತ್ತಾರೆ, ತಪ್ಪು ಮಾಡದವನಿಗೆ ಭಯ ಯಾಕೆ ಸಾರ್, ಮುಚ್ಚಿಡೋಕೆ ಏನಿದೆ ಅಂತ. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಖರಕ್ ಸಿಂಗ್ ಮುಚ್ಚಿಟ್ಟದ್ದು ಏನನ್ನು? ಅವನಿಗೆ ಬೇಕಾಗಿದ್ದು ರಾತ್ರಿ ನಿದ್ದೆ. ಅದಕ್ಕೆ ಅವನು ಕಾರಣ ಹೇಳಬೇಕಾ? ಬಾಗಿಲು ಬಡಿದವನು ಕಾನೂನು ತೋರಿಸಬೇಕು.

ಹೊತ್ತು ಕಮ್ಮಿ ಇದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. 1967ರವರೆಗೆ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಮರ್ಜಿ, ಅದಕ್ಕೊಂದು ಸರಿಯಾದ ಕಾನೂನಿರಲಿಲ್ಲ. ಆ ವರ್ಷ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು, ಕಾನೂನಿಲ್ಲದೆ ಪಾಸ್‌ಪೋರ್ಟ್ ನಿರಾಕರಿಸೋ ಹಾಗಿಲ್ಲ ಅಂದಿತು. ನೋಡಿ, ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂತು. ಮನಸ್ಸಿದ್ದರೆ ಎಷ್ಟು ಬೇಗ ಆಗುತ್ತೆ! 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಇನ್ನೊಂದು ಹೆಜ್ಜೆ: ಕಾನೂನು ಇದ್ದರಷ್ಟೇ ಸಾಲದು, ಅದು ಹೇಳುವ ಕ್ರಮ ನ್ಯಾಯವಾಗಿರಬೇಕು.

ತುರ್ತು ಪರಿಸ್ಥಿತಿಯ ಬಗ್ಗೆ ಒಂದು ಇಡೀ ಭಾಷಣವೇ ಬೇಕು, ಎರಡು ಮಾತಲ್ಲಿ ಮುಗಿಸುತ್ತೇನೆ. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರ ಪೀಠದಲ್ಲಿ ನಾಲ್ವರು ನ್ಯಾಯಮೂರ್ತಿಗಳು, ಬಂಧನದಲ್ಲಿರುವವರು ತಮ್ಮನ್ನು ಬಿಡಿಸಿ ಅಂತ ಕೋರ್ಟಿಗೆ ಬರೋ ಹಾಗೇ ಇಲ್ಲ ಅಂದುಬಿಟ್ಟರು. ಎಚ್. ಆರ್. ಖನ್ನಾ ಒಬ್ಬರೇ ಬೇಡ ಅಂದದ್ದು. ಮುಂದಿನ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರಿಗೆ ತಪ್ಪಿತು, ರಾಜೀನಾಮೆ ಕೊಟ್ಟರು. ಸಂವಿಧಾನದ 44ನೇ ತಿದ್ದುಪಡಿ ಆದ ಮೇಲೆ ಈಗ ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಅಮಾನತಿನಲ್ಲಿಡುವ ಹಾಗಿಲ್ಲ.

ಇನ್ನು ನಿಮ್ಮ ದಿನನಿತ್ಯದ ವಿಷಯ. ಯಾರನ್ನಾದರೂ ಬಂಧಿಸಿದರೆ ಯಾಕೆ ಅಂತ ಅವರಿಗೆ ತಿಳಿಸಲೇಬೇಕು, ದಾರಿಯ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಇದು 22ನೇ ವಿಧಿ. ಆಮೇಲೆ ಆ ಕಿಟಕಿ ವಿಷಯ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿದಾಗ "ಯಾಕೆ ಬೇಕು" ಅಂತ ಕೇಳಿದರೆ, 6ನೇ ಸೆಕ್ಷನ್‌ನ 2ನೇ ಉಪಸೆಕ್ಷನ್ ಓದಿ ಅನ್ನಿ. ಅರ್ಜಿದಾರರು ಕಾರಣ ಹೇಳಬೇಕಿಲ್ಲ ಅಂತ ಅಲ್ಲೇ ಬರೆದಿದೆ. ಸಾಮಾನ್ಯವಾಗಿ ಉತ್ತರಕ್ಕೆ 30 ದಿನ. ಒಬ್ಬರ ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ. ಅರ್ಜಿಯ ಮೇಲೇ ಅದನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ, ಸ್ವೀಕೃತಿ ಪಡೆಯದೆ ಅಲ್ಲಿಂದ ಕದಲಬೇಡಿ. ನಮಸ್ಕಾರ.