ನಾನು ಡೆಬಿಯನ್ ಪಕ್ಷ

ಗೆಳೆಯರೇ,

ನನಗಿಂತ ಮೊದಲು ಮಾತನಾಡಿದ ಮಿತ್ರರು, ಕಂಪ್ಯೂಟರ್ ನಡೆಸುವ ಮುಕ್ತ ಲಿನಕ್ಸ್ ವ್ಯವಸ್ಥೆಯಾದ ಡೆಬಿಯನ್ನಿನಲ್ಲಿ ಸಿಗುವುದೆಲ್ಲ ಹಳೆಯ ಆವೃತ್ತಿ ಎಂದರು, ಸಭೆ ನಕ್ಕಿತು. ಅದಕ್ಕೆ ಉತ್ತರ ಕೊಡದೆ ನಾನು ವೇದಿಕೆ ಇಳಿಯಲಾರೆ. ಟಿಪ್ಪಣಿ ಪಕ್ಕಕ್ಕಿರಲಿ.

ಇಯಾನ್ ಮರ್ಡಾಕ್ 1993ರಲ್ಲಿ ಇದನ್ನು ಆರಂಭಿಸಿದ ಕಥೆ ನಿಮಗೆ ಗೊತ್ತೇ ಇದೆ. ನನ್ನನ್ನು ಕಟ್ಟಿಹಾಕಿದ್ದು 1997ರ ಸಾಮಾಜಿಕ ಒಪ್ಪಂದದ, ಅಂದರೆ ಡೆಬಿಯನ್ ಬಳಗ ಎಲ್ಲರಿಗೂ ಕೊಟ್ಟ ಮಾತಿನ, ಮೂರನೆಯ ಅಂಶ: ಸಮಸ್ಯೆಗಳನ್ನು ಮುಚ್ಚಿಡುವುದಿಲ್ಲ. ದೋಷಗಳ ಪಟ್ಟಿಯನ್ನು ಯಾರು ಬೇಕಾದರೂ ತೆರೆದು ಓದಬಹುದು.

ಊರಿನ ಮನೆಯಲ್ಲಿ ಡೆಬಿಯನ್ ಹಾಕಿದ ಒಂದು ಹಳೆಯ ಲ್ಯಾಪ್‌ಟಾಪ್ ಇದೆ. ಬ್ಯಾಟರಿ ಎಂದೋ ಸತ್ತಿದೆ. ಮಳೆಗಾಲದ ಒಂದು ಸಂಜೆ ಅಪ್‌ಗ್ರೇಡ್ ಅರ್ಧಕ್ಕೆ ಬಂದಿದ್ದಾಗ ಕರೆಂಟ್ ಹೋಯಿತು. ಅಕ್ಕ ದೀಪ ಹಚ್ಚುವ ಮೊದಲೇ ನನಗೆ ಬೈಗುಳ ಶುರು, ಅವಳ ಮಗಳ ಪ್ರಾಜೆಕ್ಟ್ ಅದರಲ್ಲಿತ್ತು. ಕರೆಂಟ್ ಬಂದ ಮೇಲೆ ಯಂತ್ರವೇನೋ ಎದ್ದಿತು, ಆದರೆ ತಂತ್ರಾಂಶಗಳನ್ನು ತಂದು ಹಾಕುವ ಆಪ್ಟ್ ಮುಂದುವರಿಯಲು ಒಪ್ಪಲಿಲ್ಲ. ತಂತ್ರಾಂಶದ ಕಟ್ಟುಗಳನ್ನು, ಅಂದರೆ ಪ್ಯಾಕೇಜುಗಳನ್ನು, ಜೋಡಿಸುವ ಡಿಪಿಕೆಜಿಯ ಕೆಲಸ ನಡುವೆ ನಿಂತಿದೆ, ಸರಿಪಡಿಸಲು ಈ ಆದೇಶವನ್ನು ನೀವೇ ಕೊಡಬೇಕು ಎಂದು ಹೇಳಿ, ಆದೇಶವನ್ನೂ ಅಕ್ಷರಶಃ ಬರೆದು ತೋರಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿ, "ಮಾವ, ಏನು ಮಾಡಬೇಕೆಂದು ಅದೇ ಹೇಳುತ್ತಿದೆಯಲ್ಲ!" ಎಂದು ತಾನೇ ಟೈಪ್ ಮಾಡಿದಳು. ಪ್ಯಾಕೇಜುಗಳು ಒಂದೊಂದಾಗಿ ಸಿದ್ಧವಾದವು. ಪ್ರಾಜೆಕ್ಟ್ ಇದ್ದಲ್ಲೇ ಇತ್ತು. ಎಲ್ಲಿ ಕೆಟ್ಟಿದೆ ಎಂದು ಹೇಳಿ, ರಿಪೇರಿಯನ್ನು ನಮ್ಮ ಕೈಗೇ ಕೊಡುವ ಈ ಗುಣಕ್ಕೆ ನಾನು ಸೋತಿದ್ದೇನೆ.

ಈಗ ಹಳೆಯ ಆವೃತ್ತಿಯ ವಿಚಾರ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಡೆವಲಪರ್ ಡೆಬಿಯನ್ನಿನಲ್ಲಿ ಹೊಸ ತಂತ್ರಾಂಶ ಮೊದಲು ಬಂದಿಳಿಯುವ ಸಿಡ್ ಶಾಖೆಯನ್ನು ಬಳಸುತ್ತಿದ್ದಾಗ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್‌ಗೆ ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದನ್ನು ಗಮನಿಸಿದರು. ಅರ್ಧ ಸೆಕೆಂಡ್! ನಾವಾಗಿದ್ದರೆ ನೆಟ್‌ವರ್ಕ್ ಸರಿಯಿಲ್ಲವೆಂದು ಸುಮ್ಮನಾಗುತ್ತಿದ್ದೆವು. ಅವರು ಬೆನ್ನುಹತ್ತಿ ಹೋಗಿ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದಲ್ಲಿ ಯಾರೋ ಅಡಗಿಸಿಟ್ಟ ಕಳ್ಳಬಾಗಿಲನ್ನು ಹಿಡಿದು 29ರಂದು ಬಹಿರಂಗಪಡಿಸಿದರು. ಅದು ಸಿಡ್‌ಗೂ, ಮುಂದಿನ ಬಿಡುಗಡೆ ಸಿದ್ಧವಾಗುವ ಟೆಸ್ಟಿಂಗ್ ಶಾಖೆಗೂ ನುಗ್ಗಿತ್ತು. ಹಳೆಯದೆಂದು ನೀವು ನಕ್ಕಿರಲ್ಲ, ಆ ಸ್ಟೇಬಲ್ ಎಂಬ ಸ್ಥಿರ ಆವೃತ್ತಿಗೆ ಬಂದಿರಲಿಲ್ಲ. ಹೊಸದನ್ನು ಪರೀಕ್ಷಿಸುವ ಜಾಗ ಬೇರೆ, ಬ್ಯಾಂಕು ಆಸ್ಪತ್ರೆಗಳು ನಂಬುವ ಜಾಗ ಬೇರೆ ಇರಬೇಕು ಎನ್ನುವುದು ಇದಕ್ಕೇ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಬೇಗ ಮುಗಿಸುತ್ತೇನೆ. ವೈಫೈನಂಥ ಯಂತ್ರಭಾಗಗಳನ್ನು ನಡೆಸುವ, ಆದರೆ ಮುಕ್ತವಲ್ಲದ ಫರ್ಮ್‌ವೇರ್ ಅನ್ನು ಅಧಿಕೃತ ಇನ್‌ಸ್ಟಾಲರಿಗೆ ಸೇರಿಸಲು 2022ರಲ್ಲಿ ಮತದಾನವಾಯಿತು. ಆ ತೀರ್ಮಾನ ನನಗೆ ಇಂದಿಗೂ ಹಿಡಿಸಿಲ್ಲ. ಆದರೆ ಪರ, ವಿರೋಧ ವಾದಗಳೆಲ್ಲ ಓದಲು ಸಿಗುತ್ತವೆ, ಅಲ್ಲಿಯೂ ಮುಚ್ಚುಮರೆಯಿಲ್ಲ.

ಕನ್ನಡದ ಗುಬ್ಬಿ, ನವಿಲು ಫಾಂಟುಗಳು ಡೆಬಿಯನ್ ಭಂಡಾರದಲ್ಲಿವೆ. ಹಾಕಿಕೊಳ್ಳಿ. ಒತ್ತಕ್ಷರ ಎಲ್ಲಾದರೂ ಮುರಿದು ಕಂಡರೆ ಚಿತ್ರ ತೆಗೆದು ಗೆಳೆಯರಿಗೆ ಕಳಿಸಿ ಸುಮ್ಮನಾಗಬೇಡಿ, ದೋಷ ವರದಿ ಮಾಡುವ ರಿಪೋರ್ಟ್‌ಬಗ್ ತಂತ್ರಾಂಶ ತೆರೆದು ದೂರು ದಾಖಲಿಸಿ. ಹೇಗೆಂದು ತಿಳಿಯದವರು ಊಟದ ಬಿಡುವಿನಲ್ಲಿ ನನ್ನ ಬಳಿ ಬನ್ನಿ, ಕೂತು ಮೊದಲ ದೂರನ್ನು ಒಟ್ಟಿಗೆ ಬರೆಯೋಣ. ನಮಸ್ಕಾರ.